ಎಲ್ವಿರಾ ಹೇಳಿದ ನಂಬರು

ಎಲ್ವಿರಾ ಟೆಸ್ಕೆ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮೊಟ್ಟೆ ಮಾರುವವಳ ಎದುರಿಗೇ ಒಂದೊಂದು ಮೊಟ್ಟೆಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾಳೆ. ಚರ್ಚಿನಲ್ಲಿ ಶುಕ್ರವಾರದ ಮೀನೂಟಕ್ಕೆ ಕೂತರೆ ತಟ್ಟೆಗೆ ಬಿದ್ದ ಮೀನನ್ನು ಫೋರ್ಕಿನಿಂದ ಮಗುಚಿ, "ಇದು ಹೋದ ವಾರದ್ದಲ್ಲ ತಾನೆ?" ಎಂದು ಬಡಿಸುವವರ ಮುಖ ಕೆಡಿಸುತ್ತಾಳೆ. ಗಂಡ ತೀರಿಕೊಂಡ ದಿನ ಡಾಕ್ಟರಿಗೇ, "ಇನ್ನೊಂದು ಸಲ ನೋಡಿ" ಎಂದು ಹೇಳಿದವಳು ಅವಳು. ನಮ್ಮೂರಿನ ಚೀಸ್ ಕಾರ್ಖಾನೆಯಲ್ಲಿ ರೈತರ ಹಾಲನ್ನು ಪರೀಕ್ಷೆ ಮಾಡುವ ಕೆಲಸ ಅವಳದು, ತೂಕ ನೋಡುವ ಕೆಲಸ ನನ್ನದು. ಒಂದೇ ಕೋಣೆಯಲ್ಲಿ ಇಷ್ಟು ವರ್ಷ ಕಳೆದಿದ್ದೇವೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೆ ಮಾರ್ಜ್," ಎನ್ನುತ್ತಾಳೆ. ಇದನ್ನು ಎಷ್ಟು ಸಲ ಕೇಳಿದ್ದೇನೋ, ದೇವರೇ ಬಲ್ಲ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವಳು ಬೇರೆಯವರನ್ನು ನಂಬುತ್ತಿರಲಿಲ್ಲ, ಬೇರೆಯವರೆಲ್ಲ ಅವಳನ್ನು ನಂಬುತ್ತಿದ್ದರು. ಎಲ್ವಿರಾ ಹಾಲು ಬೇಡವೆಂದರೆ ರೈತ ಗೊಣಗುತ್ತ ವಾಪಸು ತೆಗೆದುಕೊಂಡು ಹೋಗುತ್ತಿದ್ದ, ಎದುರು ಮಾತಾಡುತ್ತಿರಲಿಲ್ಲ. ಆಸ್ತಿ ಅಂತ ಅವಳ ಹತ್ತಿರ ಇದ್ದದ್ದು ಅದೊಂದೇ.

ಆಗಸ್ಟ್ ಬಂತೆಂದರೆ ನಮ್ಮ ವಿಸ್ಕಾನ್ಸಿನ್ನಿನ ಈ ಮೂಲೆಗೆ ರೇಸಿಗೆಂದು ಸ್ಟಾಕ್ ಕಾರುಗಳು ಬರುತ್ತವೆ. ಅವು ದುಂಡನೆಯ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ ಬೆಳೆದ ಕಾರುಗಳು. ನಮ್ಮ ಟ್ರ್ಯಾಕೋ, ಹಸು ಮೇಯುತ್ತಿದ್ದ ದಿಬ್ಬಗಳ ನಡುವೆ ಬಲಕ್ಕೆ, ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ಹೊರಳಿಕೊಂಡು ಹೋಗುತ್ತದೆ. ದಕ್ಷಿಣದಿಂದ ಬರುವ ಡ್ರೈವರುಗಳು ಮೊದಲ ದಿನ ಬಲಕ್ಕೆ ತಿರುಗುವುದನ್ನು ನೋಡುವುದೇ ಒಂದು ತಮಾಷೆ. ಎಲ್ಲಕ್ಕಿಂತ ಕಷ್ಟದ ಜಾಗ ಶ್ಮಿಟ್ ಗುಡ್ಡ. ಅದನ್ನು ಹತ್ತುವಾಗ ಡ್ರೈವರಿಗೆ ಆಕಾಶವೊಂದೇ ಕಾಣುವುದು. ಆಚೆ ಬದಿಯಲ್ಲಿ ಕಾರು ಅಡ್ಡ ನಿಂತಿದೆಯೋ, ದಾರಿ ಖಾಲಿಯಿದೆಯೋ, ಅವನಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿಯೊಂದು ತಂಡವೂ ಗುಡ್ಡದ ತುದಿಯ ಮರದ ಅಟ್ಟದ ಮೇಲೆ ತನ್ನ ಕಡೆಯ ಒಬ್ಬರನ್ನು ನಿಲ್ಲಿಸುತ್ತದೆ, ಕಿವಿಗೆ ರೇಡಿಯೋ ಕೊಟ್ಟು. ಸ್ಪಾಟರ್ ಎನ್ನುತ್ತಾರೆ. ಆ ಬಾಯಿ "ಕ್ಲಿಯರ್" ಎಂದರೆ ಡ್ರೈವರು ಕಾಲು ಒತ್ತುತ್ತಾನೆ, "ನಿಲ್ಲು" ಎಂದರೆ ಕಾಲು ತೆಗೆಯುತ್ತಾನೆ. ಕಣ್ಣು ಒಬ್ಬರದು, ಜೀವ ಇನ್ನೊಬ್ಬರದು.

ಆ ವರ್ಷ ಮೂವತ್ತೊಂದನೇ ನಂಬರಿನ ಕಾರಿನ ಸ್ಪಾಟರ್ ಕಾಯಿಲೆ ಬಿದ್ದ. ತಂಡದ ಮೇಸ್ತ್ರಿ ವೆಂಡೆಲ್ ಪ್ರೂಯಿಟ್, ಊರಲ್ಲಿ ಯಾರಿದ್ದಾರೆಂದು ವಿಚಾರಿಸಿದ. ಬೇಸಿಗೆಯ ಸಣ್ಣಪುಟ್ಟ ರೇಸುಗಳಿಗೆಲ್ಲ ಆ ಅಟ್ಟದ ಮೇಲೆ ನಿಂತು ಅಭ್ಯಾಸವಿದ್ದವಳು ಎಲ್ವಿರಾ. "ಆ ಮುದುಕಿ ಕಣ್ಣಾರೆ ಕಾಣದೆ ಕ್ಲಿಯರ್ ಅನ್ನೋಳಲ್ಲ," ಎಂದು ಎಲ್ಲರೂ ಹೇಳಿದರು. ಪ್ರೂಯಿಟ್ ಅವಳನ್ನೇ ಗೊತ್ತು ಮಾಡಿಕೊಂಡ. ಅವನು ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ. ಐವತ್ತೆಂಟನೇ ನಂಬರಿನ ನೀಲಿ ಕಾರು ಓಡಿಸುವ ಡೆರಿಕ್ ಲೂಬಿನ್ ಅವಳ ಒಬ್ಬಳೇ ಮಗಳು ಗ್ರೆಟಾಳ ಗಂಡ.

ಶನಿವಾರ ಮಧ್ಯಾಹ್ನ ಮಗಳು ಅಳಿಯ ಊಟಕ್ಕೆ ಬಂದಿದ್ದರು. ನಾನೂ ಇದ್ದೆ, ಎಲ್ವಿರಾಳ ರೂಬಾರ್ಬ್ ಪೈ ಇದೆಯೆಂದರೆ ನಾನಿರುತ್ತೇನೆ. ಡೆರಿಕ್ ಹೆಂಡತಿಯ ಹತ್ತಿರ ರೇಸಿನಲ್ಲಿ ಯಾವ ಸುತ್ತಿಗೆ ಪೆಟ್ರೋಲು ತುಂಬಿಸಬೇಕೆನ್ನುವ ಲೆಕ್ಕ ಏನೋ ಹೇಳುತ್ತಿದ್ದವನು ಅತ್ತೆ ಸಿಂಕಿನ ಹತ್ತಿರ ಬಂದು ನಿಂತದ್ದು ಕಂಡ ತಕ್ಷಣ ಬಾಯಿ ಮುಚ್ಚಿದ. ಪೈ ಬಹಳ ಚೆನ್ನಾಗಿದೆ ಎಂದ, ಇನ್ನೂ ಬಾಯಿಗೇ ಇಟ್ಟಿರಲಿಲ್ಲ.

"ಅತ್ತೆ, ಆ ಪ್ರೂಯಿಟ್ ನನ್ನ ವಿಷಯ ಏನಾದ್ರೂ ಕೇಳಿದ್ನಾ?"

"ಇಲ್ಲ."

"ಕೇಳಿದ್ರೆ ಹೇಳ್ಬೇಡಿ, ಆಯ್ತಾ?"

"ಹೇಳೋಕೆ ನೀನು ನಂಗೆ ಏನಾದ್ರೂ ಹೇಳಿದ್ದೀಯೇನೋ?"

ಗ್ರೆಟಾ ಗಂಡನ ಕಡೆಗೇ ವಾಲಿದಳು. "ಅಲ್ಲಮ್ಮಾ, ಅವನು ಪೆಟ್ರೋಲ್ ಮಾತು ತೆಗೆದಾಗ ನೀನು ಸಿಂಕ್ ಹತ್ರ ಯಾಕೆ ನಿಂತಿದ್ದೆ?"

"ನನ್ನ ಮನೆ ಸಿಂಕ್ ಕಣೆ ಅದು!" ಎಂದಳು ಎಲ್ವಿರಾ. ತಟ್ಟೆಗಳು ಜೋರಾಗಿ ಸದ್ದು ಮಾಡಿದವು. ಅವರು ಹೋದ ಮೇಲೆ ಅವಳು ನನ್ನ ಹತ್ತಿರ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ಇವನು. ಏನೋ ಮಾಡ್ತಿದಾನೆ," ಎಂದಳು. ನನಗೂ ಹಾಗೇ ಅನ್ನಿಸಿತ್ತು. ಈಗ ಯೋಚಿಸಿದರೆ, ಅಡುಗೆಮನೆಯಲ್ಲಿದ್ದ ನಾಲ್ಕೂ ಜನ ಒಬ್ಬರನ್ನೊಬ್ಬರು ಕಳ್ಳರನ್ನು ನೋಡಿದಂತೆ ನೋಡುತ್ತಿದ್ದೆವು, ಪೈ ತಣ್ಣಗಾಗಿ ಹೋಯಿತು.

ಭಾನುವಾರ ಬೆಳಿಗ್ಗೆ ಟ್ರ್ಯಾಕಿನ ಗ್ಯಾರೇಜಿನ ಹತ್ತಿರ ಎಲ್ವಿರಾ ಅಳಿಯನ ಕಾಲರು ಸರಿಮಾಡಿ, "ಹೆಲ್ಮೆಟ್ ಪಟ್ಟಿ ಬಿಗಿಯಾಗಿ ಕಟ್ಕೋ," ಎಂದು ಗದರಿಸುತ್ತಿದ್ದಳು. ಅದು ಪ್ರೂಯಿಟ್‌ನ ಕಣ್ಣಿಗೆ ಬಿತ್ತು. ಉದ್ದನೆಯ ಮನುಷ್ಯ, ಯಾವಾಗಲೂ ಏನನ್ನೋ ಜಗಿಯುತ್ತಿರುತ್ತಾನೆ. ಜಗಿಯುವುದನ್ನು ನಿಲ್ಲಿಸಿ ನಮ್ಮ ಹತ್ತಿರ ಬಂದ.

"ಆ ಐವತ್ತೆಂಟರ ಹುಡುಗ ನಿಮಗೆ ಏನಾಗ್ಬೇಕು?"

"ಅಳಿಯ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಅಬ್ಬಾ! ಒಳ್ಳೇ ಊರು ನಿಮ್ಮದು," ಎಂದ ಪ್ರೂಯಿಟ್. ಬೇರೆಯವರನ್ನು ಹುಡುಕಲು ಹೊತ್ತಿರಲಿಲ್ಲ. ರೇಡಿಯೋ ಅವಳ ಕೈಗೆ ಕೊಟ್ಟನಾದರೂ ಕೊಡುವಾಗ ಅದನ್ನು ಸ್ವಲ್ಪ ಹೊತ್ತು ಬಿಡದೆ ಹಿಡಿದುಕೊಂಡೇ ಇದ್ದ. ನನಗೆ ಮೈ ಉರಿಯಿತು. ಹಾಲಿನಲ್ಲಿ ಒಂದು ತೊಟ್ಟು ನೀರನ್ನು ಸಹಿಸದವಳ ಮೇಲೆ ಇವನಿಗೆ ಅನುಮಾನವೇ? ಆದರೆ ಎಲ್ವಿರಾಗೆ ಕೋಪ ಬರಲಿಲ್ಲ. "ಅವನ ಜಾಗದಲ್ಲಿ ನಾನಿದ್ರೂ ಅಷ್ಟೇ," ಎಂದು ಗುಡ್ಡ ಹತ್ತಿದಳು.

ನಾನು ಅಟ್ಟದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಟ್ರ್ಯಾಕಿನಲ್ಲಿ ಬಾಡಿಗೆಗೆ ಸಿಗುವ ರೇಡಿಯೋ ಕಿವಿಗಿಟ್ಟುಕೊಂಡರೆ ಯಾವ ತಂಡದ ಮಾತನ್ನಾದರೂ ಕೇಳಬಹುದು, ಜನ ಅದಕ್ಕಾಗಿಯೇ ಬರುತ್ತಾರೆ. ನಾನು ಮೂವತ್ತೊಂದಕ್ಕೆ ತಿರುಗಿಸಿಟ್ಟುಕೊಂಡಿದ್ದೆ. ಆಚೆ ಇಳಿಜಾರಿನ ಹುಲ್ಲಿನ ಮೇಲೆ ಗ್ರೆಟಾ ಕೂತಿದ್ದಳು, ತಾಯಿಯ ಹತ್ತಿರ ಬರಲಿಲ್ಲ.

ಅರ್ಧ ರೇಸು ಏನೂ ತೊಂದರೆಯಿಲ್ಲದೆ ನಡೆಯಿತು. ಪ್ರತಿ ಸುತ್ತಿಗೂ ಎಲ್ವಿರಾ "ಕ್ಲಿಯರ್, ಕ್ಲಿಯರ್" ಎನ್ನುವಳು, ಡ್ರೈವರ್ ಕ್ಲೇ ಹನಿಕಟ್ ತನ್ನ ಎಳೆದಾಡುವ ದಕ್ಷಿಣದ ದನಿಯಲ್ಲಿ "ಹೂಂ ಅಮ್ಮಾ" ಎನ್ನುವನು. ಆಮೇಲೆ ಒಂದು ಸಲ ಡೆರಿಕ್‌ನ ಕಾರು ಗುಡ್ಡ ದಾಟಿ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಧೂಳು ಎದ್ದು ಏನೂ ಕಾಣದಂತಾಯಿತು.

"ನಿಧಾನ! ಐವತ್ತೆಂಟು ಕೆಳಗಿಳೀತು, ಧೂಳು, ನಂಗೇನೂ ಕಾಣ್ತಿಲ್ಲ!"

ಹನಿಕಟ್ ಕಾಲು ತೆಗೆದ. ಗುಡ್ಡದ ಮೇಲೆ ಬಂದು ನೋಡಿದರೆ ರಸ್ತೆ ಖಾಲಿ. ಡೆರಿಕ್ ಧೂಳಿನೊಳಗಿಂದಲೇ ಕಾರನ್ನು ಮೇಲೆಳೆದುಕೊಂಡು ಹೋಗಿಬಿಟ್ಟಿದ್ದ, ಅಷ್ಟರಲ್ಲಿ ಹನಿಕಟ್ ಬಹಳ ಹಿಂದೆ ಬಿದ್ದಿದ್ದ.

ರೇಡಿಯೋದಲ್ಲಿ ಪ್ರೂಯಿಟ್ ಸಿಡಿದ. "ನೋಡಿದ್ಯಾ ಕ್ಲೇ? ಅಳಿಯನ್ನ ಮುಂದೆ ಕಳಿಸೋಕೆ ನಿನ್ನ ಹಿಡಿದು ನಿಲ್ಲಿಸಿದ್ಲು. ಇನ್ಮೇಲೆ ಆಯಮ್ಮ ಐವತ್ತೆಂಟು ಅಂದ್ರೆ ಕಿವಿಗೇ ಹಾಕ್ಕೋಬೇಡ. ಕಾಲು ಒತ್ತಿಕೊಂಡೇ ಹೋಗು. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ ಹನಿಕಟ್.

ಪಾಪಿ ಪ್ರೂಯಿಟ್, ಅದನ್ನು ಅವಳಿಗೆ ಕೇಳುವಂತೆಯೇ ಹೇಳಿದ್ದ. ನಾನು ತಲೆಯೆತ್ತಿ ನೋಡಿದೆ. ಎಲ್ವಿರಾಳ ಮುಖ ಸುಣ್ಣದಂತಾಗಿತ್ತು. ನಾನು ಕೆಳಗಿನಿಂದ ಕೂಗಿದೆ: "ಆ ರೇಡಿಯೋ ಕಿತ್ತು ಬಿಸಾಕಿ ಇಳಿದು ಬಾರೇ, ಇವರ ಉಸಾಬರಿ ನಮಗ್ಯಾಕೆ!"

"ನಾನು ಇಳಿದ್ರೆ ಆ ಹುಡುಗನಿಗೆ ಯಾರೇ ಹೇಳ್ತಾರೆ?" ಎಂದಳು. ಮತ್ತೆ "ಕ್ಲಿಯರ್" ಎನ್ನತೊಡಗಿದಳು. ಹನಿಕಟ್ ಈಗ "ಹೂಂ" ಎನ್ನುತ್ತಿರಲಿಲ್ಲ.

ಕೊನೆಯ ಸುತ್ತು. ಮೊದಲನೆಯ ಕಾರು ಆಗಲೇ ದೂರ ಹೋಗಿತ್ತು. ಅದರ ಹಿಂದೆ ಕೆಂಪು ಬಣ್ಣದ ಹನ್ನೆರಡು, ಅದು ಹನಿಕಟ್‌ನ ತಂಡದ್ದೇ ಇನ್ನೊಂದು ಕಾರು. ಅದರ ಬಾಲ ಹಿಡಿದಂತೆ ಡೆರಿಕ್‌ನ ನೀಲಿ ಕಾರು. ತುಸು ದೂರದಲ್ಲಿ ಹನಿಕಟ್, ರೇಗಿದ ಹೋರಿಯ ಹಾಗೆ ಗುಡ್ಡ ಹತ್ತುತ್ತಿದ್ದ. ಎರಡು ಕಾರುಗಳು ಗುಡ್ಡ ದಾಟಿದವು. ದಾಟಿದ್ದೇ ತಡ, ಡೆರಿಕ್‌ನ ಹಿಂದಿನ ಚಕ್ರ ಜಾರಿತು, ಕಾರು ಗಿರ್ರನೆ ತಿರುಗಿ ರಸ್ತೆಗೆ ಅಡ್ಡವಾಗಿ ನಿಂತಿತು. ಅವನು ಕೂತ ಕಡೆಯ ಬಾಗಿಲು ಗುಡ್ಡದ ಕಡೆಗೇ ಇತ್ತು. ಎಂಜಿನ್ ಸತ್ತಿತ್ತು. ಧ್ವಜದವನು ಹಳದಿ ಧ್ವಜಕ್ಕೆ ಇನ್ನೂ ಕೈ ಹಾಕುತ್ತಿದ್ದ. ಗ್ರೆಟಾ ಎದ್ದು ನಿಂತು ಕಿರುಚಿದಳು.

ಐವತ್ತೆಂಟು ಅಂದರೆ ಅವನು ನಿಲ್ಲಿಸುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಹನ್ನೆರಡು!" ಎಲ್ವಿರಾ ಕಿರುಚಿದಳು. "ಹನ್ನೆರಡು ಅಡ್ಡ ನಿಂತಿದೆ! ಕೆಂಪು ಕಾರು! ಬಲಕ್ಕೆ ಹೋಗು, ಹುಲ್ಲಿಗಿಳಿಸು! ಹನ್ನೆರಡು ಕಣೋ!"

ಗುಡ್ಡ ಹತ್ತುವ ಕಡೆಯಿಂದ ಬ್ರೇಕು ಅರಚಿತು. ಹನಿಕಟ್‌ನ ಕಾರು ತಲೆಯೆತ್ತುವ ಹೊತ್ತಿಗೆ ಬಲಕ್ಕೆ ವಾಲಿಯಾಗಿತ್ತು. ಅದು ಹುಲ್ಲು ಸೀಳಿಕೊಂಡು, ನೀಲಿ ಕಾರಿನ ಮೂಗು ಸವರಿಕೊಂಡು, ಕುಣಿಯುತ್ತ ಕೆಳಗೆ ಹೋಯಿತು. ಹಿಂದಿನಿಂದ ಬಂದವರೆಲ್ಲ ಅಷ್ಟರಲ್ಲಿ ಧ್ವಜ ನೋಡಿ ನಿಧಾನ ಮಾಡಿದರು. ಡೆರಿಕ್ ಕಿಟಕಿಯಿಂದ ತೆವಳಿ ಹೊರಗೆ ಬಂದು ನೆಲದ ಮೇಲೆ ಕೂತ. ಮಗಳು ಓಡಿ ಬಂದು ಅವನನ್ನು ತಬ್ಬಿಕೊಂಡಳು. ಎಲ್ವಿರಾ ಅಟ್ಟದ ಕಂಬ ಹಿಡಿದುಕೊಂಡು ನಿಂತಿದ್ದಳು.

ಹನಿಕಟ್ ಒಂಬತ್ತನೆಯವನಾಗಿ ಬಂದ. ಹನ್ನೆರಡನೇ ನಂಬರಿನ ಕಾರು ಕೂದಲು ಕೊಂಕದೆ ಎರಡನೆಯದಾಗಿ ಬಂತು. ಪ್ರೂಯಿಟ್ ಸಣ್ಣ ಗಾಡಿಯಲ್ಲಿ ಗುಡ್ಡ ಹತ್ತಿ ಬಂದ, ಬರುವಾಗಲೇ ಕೈ ಚಾಚಿದ್ದ.

"ರೇಡಿಯೋ ಕೊಡಿ. ಅಡ್ಡ ನಿಂತಿದ್ದು ಐವತ್ತೆಂಟು. ನೀವು ಸುಳ್ಳು ಹೇಳಿದ್ರಿ."

"ಹೇಳಿದೆ."

"ನಾನು ಬೆಳಿಗ್ಗೇನೇ ಅಂದ್ಕೊಂಡೆ. ಅಳಿಯನಿಗೋಸ್ಕರ ಏನು ಬೇಕಾದ್ರೂ ಮಾಡ್ತೀರಿ ಅಂತ."

"ನಿಮ್ಮ ಹುಡುಗನೂ ಉಳಿದ್ನಲ್ಲಪ್ಪಾ," ಎಂದಳು ಎಲ್ವಿರಾ. "ನಾನು ಐವತ್ತೆಂಟು ಅಂದಿದ್ರೆ ಅವನು ಕಾಲು ತೆಗೀತಿದ್ನಾ? ನೀವೇ ಹೇಳಿ."

ಪ್ರೂಯಿಟ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡ. ರೇಡಿಯೋದ ವೈರನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದ. ಒಂದು ಥ್ಯಾಂಕ್ಸ್ ಇಲ್ಲ, ಕ್ಷಮಿಸಿ ಎನ್ನುವ ಮಾತಿಲ್ಲ. ಅವನ ಮುಖಕ್ಕಿಷ್ಟು ಬೆಂಕಿ ಹಾಕ!

ಸಂಜೆ ಡೆರಿಕ್ ಫೋನ್ ಮಾಡಿದ. ಬಹಳ ಸಲ ಥ್ಯಾಂಕ್ಸ್ ಹೇಳಿದ, ಸ್ವಲ್ಪ ಅತ್ತ ಕೂಡ. ಇಡುವ ಮೊದಲು ಕೇಳಿದನಂತೆ: "ಅತ್ತೆ, ಅರ್ಧದಲ್ಲಿ ಧೂಳು ಬಂದಾಗ್ಲೂ ನೀವು ನನಗೋಸ್ಕರಾನೇ ಹಾಗಂದಿದ್ದಾ?"

"ಆಗ ಧೂಳೇ ಇತ್ತು ಕಣೋ," ಎಂದಳಂತೆ.

"ಹೂಂ," ಎಂದನಂತೆ. ನಂಬಿದ ಹಾಗಿರಲಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡಳು.

ಅವಳ ರೇಡಿಯೋ ಮಾತನ್ನು ನನ್ನಂತೆಯೇ ಸಾವಿರಾರು ಜನ ಕಿವಿಗಿಟ್ಟು ಕೇಳಿದ್ದರು. ಟಿವಿಯವರು ಅದನ್ನು ಮತ್ತೆ ಮತ್ತೆ ಹಾಕಿದರು. ಒಂದು ಕಡೆ ನೀಲಿ ಕಾರಿನ ಚಿತ್ರ, ಅದರ ಮೇಲೆ "ಕೆಂಪು ಕಾರು" ಎನ್ನುವ ಅವಳ ದನಿ. ಊರಿನವರು ಮೊದಲೆರಡು ದಿನ ಅವಳ ಬೆನ್ನು ತಟ್ಟಿದರು, ಬಾರಿನಲ್ಲಿ ಬಿಯರ್ ಕುಡಿಸಲು ಬಂದರು. ಒಬ್ಬ ಗ್ಲಾಸು ಎತ್ತಿ ಹಿಡಿದು, "ಏನು ಸುಳ್ಳು ಹೇಳ್ತೀಯೇ ತಾಯಿ! ಒಂದು ಚೂರೂ ತಡವರಿಸಲಿಲ್ಲವಲ್ಲ!" ಎಂದ. ಎಲ್ಲರೂ ನಕ್ಕರು. ಎಲ್ವಿರಾ ನಗಲಿಲ್ಲ, ಬಿಯರ್ ಅಲ್ಲೇ ಬಿಟ್ಟು ಎದ್ದಳು.

ಬುಧವಾರ ಕಾರ್ಖಾನೆಗೆ ಆಟ್ಮರ್ ಕ್ರೌಸೆ ಹಾಲು ತಂದ. ಒಳ್ಳೆಯ ಮುದುಕ, ಯಾರಿಗೂ ಕೆಟ್ಟದ್ದು ಬಯಸುವವನಲ್ಲ. ಎಲ್ವಿರಾ ಪರೀಕ್ಷೆ ಮಾಡಿ, ಹಸುವಿಗೆ ಕೊಟ್ಟ ಔಷಧ ಹಾಲಿನಲ್ಲಿ ಉಳಿದಿದೆ, ತೆಗೆದುಕೊಳ್ಳಲು ಆಗುವುದಿಲ್ಲ ಎಂದಳು. ಆಟ್ಮರ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ತಪ್ಪು ತಿಳ್ಕೋಬೇಡ ಎಲ್ವಿರಾ. ಇನ್ನೊಬ್ಬರ ಕೈಲಿ ಒಂದ್ಸಲ ನೋಡಿಸ್ತೀಯಾ?"

ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ವಿರಾ ಕೈ ತೋರಿಸಿ ನನ್ನನ್ನು ಸುಮ್ಮನಿರಿಸಿದಳು.

"ಅದರಲ್ಲೇನಿದೆ? ಮಾರ್ಜ್ ನೋಡ್ತಾಳೆ," ಎಂದು ಗಾಜಿನ ಕೊಳವೆಯನ್ನು ನನ್ನ ಕೈಗಿಟ್ಟು ಹಿಂದಿನ ಕೋಣೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ತೊಳೆಯಲು ಅಲ್ಲಿ ಏನೂ ಇರಲಿಲ್ಲ, ಬೆಳಿಗ್ಗೆಯೇ ಎಲ್ಲ ತೊಳೆದಿಟ್ಟಿದ್ದೆವು. ನೀರಿನ ಸದ್ದಿನೊಳಗೆ ಅವಳು ಬಿಕ್ಕುತ್ತಿದ್ದಳು. ಗಂಡ ಸತ್ತಾಗಲೂ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಅವಳು ಮಾಡುವುದನ್ನು ಇಷ್ಟು ವರ್ಷ ನೋಡಿದ್ದೆ, ನಾನು ಪರೀಕ್ಷೆ ಸರಿಯಾಗಿಯೇ ಮಾಡಿದೆ. ಅವಳಿಗೆ ಬಂದ ಬಣ್ಣವೇ ನನಗೂ ಬಂತು. ಆಟ್ಮರನ ಮುಖಕ್ಕೇ ಹಿಡಿದು ತೋರಿಸಿದೆ.

"ನೋಡು. ಅವಳು ಹೇಳಿದ್ದೇ ಸರಿ."

ಆಟ್ಮರ್ ಕೊಳವೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ನೀನು ಅವಳ ಗೆಳತಿ ಅಲ್ವೇನಮ್ಮಾ?" ಎಂದ.