ಎರಡು ಫ್ಲಾಪಿ, ಒಂದು ಏಕಾದಶಿ

ನನಗೊಂದು ಕೆಟ್ಟ ಚಟವಿದೆ. ಹೊಸ ವಸ್ತು ಮನೆಗೆ ಬಂದ ಕೂಡಲೇ ಹಳೆಯದನ್ನು ಅವಮಾನಿಸಿ ಹೊರಗೆ ಹಾಕುತ್ತೇನೆ. ಕಂಪ್ಯೂಟರ್ ಬಂದ ದಿನವೇ ಗೋಡೆಯ ಕ್ಯಾಲೆಂಡರ್ ಕಿತ್ತು ರದ್ದಿಗೆ ಹಾಕಿದೆ. ಪಂಚಾಂಗದ ತಿಥಿಗಳನ್ನೆಲ್ಲ ಟೈಪು ಮಾಡಿ ಒಂದು ಫ್ಲಾಪಿಗೆ ತುಂಬಿದೆ. "ಅವ್ವಾ, ಇನ್ನ ಏಕಾದಶಿ ಯಾವಾಗಂತ ನನ್ನ ಕೇಳು," ಎಂದೆ. ಎಪ್ಪತ್ತರ ಅವ್ವ, ಪಾಪ, ನಂಬಿದಳು.

ಫ್ಲಾಪಿ ಕಾಣದವರಿಗೆ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಬಾಯಿಗೆ ತುರುಕಿ ತೆಗೆಯುವ ಚೌಕ ಬಿಲ್ಲೆ ಅದು. ಅದರಲ್ಲೂ ಎರಡು ಜಾತಿ. ದೊಡ್ಡದು ಹಸಿ ಹಪ್ಪಳದಂತೆ ಬಳುಕುತ್ತದೆ. ಚಿಕ್ಕದು ಜೇಬಿಗೆ ಹಿಡಿಯುವಷ್ಟು, ಆದರೆ ಗಟ್ಟಿ. ಒಂದರ ಬಾಯಿಗೆ ಇನ್ನೊಂದು ಹೋಗದು. ತಮಾಷೆಯೆಂದರೆ ಚಿಕ್ಕದರಲ್ಲೇ ಹೆಚ್ಚು ಹಿಡಿಸುತ್ತಿತ್ತು. ಇದನ್ನು ಅವ್ವನ ತಮ್ಮ, ಕಮಲಾಪುರದ ಗುಂಡಣ್ಣ ಮಾಮಾ, ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವರದು ದೊಡ್ಡ ಫ್ಲಾಪಿ, ಅದರಲ್ಲಿ ಅವರದೇ ಬೇರೆ ಪಂಚಾಂಗ.

"ಲೇ, ನಿನ್ನ ಆ ಚೋಟುದ್ದ ಡಬ್ಬಿಯೊಳಗ ಒಂದ್ ವರ್ಷ ಹೆಂಗ ಹಿಡೀತದ? ಅಧಿಕಮಾಸ ಬಂದ್ರ ಎಲ್ಲಿ ಇಡ್ತಿ?"

"ನಿಮ್ಮದು ಮಡಚಿದ್ರ ವರ್ಷನೇ ಹೋಗ್ತದಲ್ಲ ಮಾಮಾ!"

ಮುಂದಿನ ಬೇಸಿಗೆಯಲ್ಲಿ ನನ್ನ ಫ್ಲಾಪಿ ಏಕಾದಶಿ ಮಂಗಳವಾರ ಎಂದಿತು. ಮಾಮಾ ಫೋನಿನಲ್ಲಿ ಬುಧವಾರ ಎಂದರು. ಅವ್ವ ಸಂಕಟಕ್ಕೆ ಬಿದ್ದಳು.

"ಮಗಂದು ಸುಳ್ಳನ್ಲೊ, ತವರಮನಿದು ಸುಳ್ಳನ್ಲೊ? ಎರಡೂ ದಿನ ಮಾಡ್ತೀನಿ ಬಿಡು."

ಕಲಬುರಗಿಯ ಬಿಸಿಲು, ಹನಿ ನೀರೂ ಇಲ್ಲದ ಉಪವಾಸ. ಬುಧವಾರ ಬೆಳಿಗ್ಗೆ ಅವ್ವನ ದನಿ ಸಣ್ಣಗಾಗಿತ್ತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಮಾಮಾನನ್ನು ಕರೆಸಿದೆ. ಸಿಕ್ಕ ಮೊದಲ ಬಸ್ಸಿಗೇ ಒಂದು ಕೈಯಲ್ಲಿ ಫ್ಲಾಪಿ, ಇನ್ನೊಂದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ಬಂದರು. ಅಕ್ಕನ ಮುಖ ನೋಡಿ ಅವರೂ ಬೆವರಿದರು. ಬೆವರುತ್ತಲೇ, "ಮೊದಲ ನಂದು ಹಾಕು," ಎಂದರು. ಹಾಕಲು ನನ್ನ ಕಂಪ್ಯೂಟರಿಗೆ ಅಷ್ಟು ದೊಡ್ಡ ಬಾಯಿಯೇ ಇರಲಿಲ್ಲ.

ಸೂಪರ್ ಮಾರ್ಕೆಟ್ ಪೇಟೆಯ ರಶೀದ್ ಭಾಯಿಯ ಟೈಪಿಂಗ್ ಅಂಗಡಿಯಲ್ಲಿ ಎರಡೂ ಬಾಯಿಯ ಕಂಪ್ಯೂಟರ್ ಇತ್ತು. ಆಟೋ ಹಿಡಿದು ಓಡಿದೆವು. ಎರಡು ಫ್ಲಾಪಿಗಳೂ ತೆರೆದವು. ಪರದೆಯ ನೆತ್ತಿಯ ಮೇಲೆ ಸಂವತ್ಸರದ ಹೆಸರು ಕಂಡಿತು. ಮಾಮಾ ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡೂ ಹೋದ ವರ್ಷದವು! ಡಬ್ಬಿ ಯಾವುದು ಶ್ರೇಷ್ಠ ಎಂದು ಬಡಿದಾಡುವ ಭರದಲ್ಲಿ, ಯುಗಾದಿಯ ನಂತರ ಹೊಸ ಪಂಚಾಂಗ ತುಂಬುವುದನ್ನು ಇಬ್ಬರೂ ಮರೆತಿದ್ದೆವು.

ರಶೀದ್ ಭಾಯಿ ಕುರ್ಚಿಯಿಂದ ಏಳದೆಯೇ ಗೋಡೆಯ ಕ್ಯಾಲೆಂಡರ್ ನೋಡಿದರು. "ಏಕಾದಶಿ ಶನಿವಾರ ಅದ ಅಲ್ರೀ! ಈದ್ ಹಬ್ಬದ ಚಾಂದ್ ಕಾಣಲಿಲ್ಲಂದ್ರ ನಮ್ಮಲ್ಲೂ ಜಗಳಾ ಆಗ್ತದ್ರೀ. ನಿಮಗ ಗೋಡಿನೂ ಕಾಣಲಿಲ್ಲೇನ್ರೀ ಸಾಬ್?"

ಮನೆಗೆ ಬಂದು ತಲೆ ತಗ್ಗಿಸಿ ಎಲ್ಲ ಒಪ್ಪಿಸಿದೆವು. ಅವ್ವ ಬೈಯಲಿಲ್ಲ. ಒಂದು ತಂಬಿಗೆ ನೀರು ಕುಡಿದಳು, ಎರಡು ಕೆಂಪು ಬಾಳೆಹಣ್ಣು ತಿಂದಳು, ಆಮೇಲೆ ಬಾಯಿ ಒರೆಸಿಕೊಂಡು ಹೇಳಿದಳು:

"ನಂದು ಆತು. ಶನಿವಾರದ್ದು ನೀವಿಬ್ಬರೂ ಮಾಡ್ರಿ. ನೀರೂ ಇಲ್ಲ."

ಶನಿವಾರ ಮಧ್ಯಾಹ್ನ ಕರೆಂಟೂ ಹೋಯಿತು. ನಾನು, ಮಾಮಾ ಎದುರುಬದುರು ಒಣಗಿ ಕೂತಿದ್ದೆವು. ನಡುವೆ ಕೂತ ಅವ್ವ ನನ್ನ ಚಿಕ್ಕ ಫ್ಲಾಪಿ ಎತ್ತಿ ನಾಲ್ಕು ಸಲ ಆಡಿಸಿ ನೋಡಿ ಪಕ್ಕಕ್ಕಿಟ್ಟಳು. ಆಮೇಲೆ ತಮ್ಮನ ದೊಡ್ಡ ಫ್ಲಾಪಿ ಹಿಡಿದು ನಮ್ಮಿಬ್ಬರಿಗೂ ಬೀಸತೊಡಗಿದಳು.

"ಇದ ಚಲೋ ಅದ ನೋಡು. ಗಾಳಿ ಬರ್ತದ."

ಮಾಮಾ ಹಸಿದ ಹೊಟ್ಟೆಯಲ್ಲೂ ಗೆದ್ದ ನಗೆ ನಕ್ಕರು. ಚಿಕ್ಕದರಲ್ಲೇ ಹೆಚ್ಚು ಹಿಡಿಸುತ್ತದೆಂದು ಹೇಳಲು ಬಾಯಿ ತೆರೆದೆ. ನಾಲಿಗೆ ಒಣಗಿತ್ತು.

"ಒಂಚೂರು ಈ ಕಡಿ ಬೀಸವ್ವಾ," ಎಂದೆ.