ಕಲ್ಲುಮೀನಿನ ಮನೆಗೆ ಸಿಮೆಂಟು

ಔರಾದ ತಾಲ್ಲೂಕಿನ ಡಾಬಕಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲುಬಾಯಿ ಆಗಲೇ ಹಳ್ಳದ ನೀರಿಗೆ ಇಳಿದಿದ್ದಾರೆ. ಕಚ್ಚೆ ಸೀರೆ, ಸೊಂಟಕ್ಕೆ ಬುಟ್ಟಿ. ಒಂದು ಕಲ್ಲಿನ ಕೆಳಗೆ ಕೈ ತೂರಿಸಿ, ಬುಡ ಸವರಿ, ಬರಿಗೈಯನ್ನೇ ಹಿಂದೆಗೆಯುತ್ತಾರೆ. "ತತ್ತಿ ಅವ ರೀ. ಗಂಡಮೀನ ಕಾಯಲಾಕ ಕುಂತದ. ಇದನ್ನ ಹಿಡಿಯಂಗಿಲ್ಲ."

ಬೆರಳುದ್ದದ, ಮಣ್ಣುಬಣ್ಣದ ಈ ಮೀನಿಗೆ ಊರವರು ಕಲ್ಲುಮೀನು ಎನ್ನುತ್ತಾರೆ. ಹೊಟ್ಟೆಯಡಿಯ ರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿವೆ. ಅದರಿಂದಲೇ ಕಲ್ಲಿಗೆ ಕಚ್ಚಿಕೊಂಡು ಹರಿವನ್ನು ತಡೆದುಕೊಳ್ಳುತ್ತದೆ. ತತ್ತಿ ಅಂಟಿಸುವುದು ಕಲ್ಲಿನ ಬುಡಕ್ಕೆ. ಹಾಗಾಗಿ ಇಲ್ಲಿ ಮೀನು ಹಿಡಿಯುವ ಹೆಂಗಸರಿಗೆ ಒಂದು ಕಟ್ಟಳೆ ಇದೆ: ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು. ಶಾಲುಬಾಯಿಗೆ ಅದನ್ನು ಕಲಿಸಿದ್ದು ಅತ್ತೆ. ಬುಟ್ಟಿ ಹೊತ್ತು ಔರಾದಿಗೆ ಹೋಗಿ ಮೀನು ಮಾರಿಯೇ ಶಾಲುಬಾಯಿ ಮಗಳು ಸಪನಾಳನ್ನು ಭಾಲ್ಕಿಯಲ್ಲಿ ನರ್ಸಿಂಗ್ ಓದಿಸಿದರು.

ಹೋದ ಬೇಸಿಗೆಯಲ್ಲಿ ಸರ್ಕಾರದ ಗುತ್ತಿಗೆಯಲ್ಲಿ ಹಳ್ಳದ 'ಸುಂದರೀಕರಣ' ಶುರುವಾಯಿತು. ಜೆಸಿಬಿ ಕಲ್ಲುಗಳನ್ನೆಲ್ಲ ಬಾಚಿ ದಂಡೆಗೆ ಒಗೆಯಿತು. ಶಾಲುಬಾಯಿ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಅಡ್ಡ ನಿಂತರು. "ನಮ್ಮ ಹಳ್ಳದ ಕಲ್ಲ ನಮ್ಮ ಹಳ್ಳಕ್ಕ ವಾಪಸ್ ಹಾಕ್ರಿ ಅಂದಿವ್ರಿ."

ಗುತ್ತಿಗೆದಾರ ಹಾಕಿಸಿದ, ನೋಡಿ! ತಳಕ್ಕೆ ಸಿಮೆಂಟು ಸುರಿದು, ಕಲ್ಲುಗಳನ್ನು ಅದರಲ್ಲಿ ಸಾಲಾಗಿ ಹೂತು, ಫೋಟೊ ಹೊಡೆಸಿಕೊಂಡು ಹೋದ. ಆ ಕಲ್ಲುಗಳಿಗೆ ಈಗ ಬುಡವೇ ಇಲ್ಲ. ಮೀನು ತತ್ತಿ ಎಲ್ಲಿ ಇಡಬೇಕು, ಅವನ ತಲೆಯ ಮೇಲೆಯೇ? ನೋಡಿದರೆ ಮೈಯೆಲ್ಲ ಉರಿಯುತ್ತದೆ.

"ತಪ್ಪ ನಂದೇ ಅದರಿ," ಎನ್ನುತ್ತಾರೆ ಶಾಲುಬಾಯಿ. "ಬಿಡಿಬಿಡಿ ಹಾಕ್ರಿ ಅಂತ ಹೇಳಬೇಕಾಗಿತ್ತು. ಹರಿಯೋ ನೀರಾಗಿನ ಕಲ್ಲಿಗಿ ಸಿಮೆಂಟ ಹಾಕ್ತಾರಂತ ಯಾರಿಗಿ ಗೊತ್ತರಿ?"

ಅವರ ತಪ್ಪು ಹೇಗಾಗುತ್ತದೆ? ಹಳ್ಳಕ್ಕೂ ಬಚ್ಚಲಿಗೂ ವ್ಯತ್ಯಾಸ ಗೊತ್ತಿಲ್ಲದವನ ಕೈಗೆ ಹಳ್ಳ ಕೊಟ್ಟವರದು ತಪ್ಪು. ಕೆಲಸ ಮುಗಿದ ಕಡೆ ಈ ವರ್ಷ ಒಂದೇ ಒಂದು ಕಲ್ಲುಮೀನು ಕಂಡಿಲ್ಲ. ಉಳಿದಿರುವುದು ಸೇತುವೆಯ ಕೆಳಗಿನ, ನಾವು ನಿಂತಿರುವ ಈ ತುಣುಕು. ಕಾಂಕ್ರೀಟ್ ಮಿಕ್ಸರ್ ನಾಳೆ ಇಲ್ಲಿಗೆ ಬರುತ್ತದೆ.

ಸರ್ಕಾರದಿಂದ ನಿಮಗೇನು ಬೇಕು ಎಂದು ಕೇಳುತ್ತೇನೆ. ಶಾಲುಬಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಏನ್ ಬ್ಯಾಡರಿ. ಇದೊಂದ ತುಣಕ ಬಿಡ್ಲಿ, ಸಾಕು. ಬಿಡಂಗಿಲ್ಲ ಅಂದ್ರ ನಾಳಿ ನಾವು ಹೆಂಗಸ್ರೆಲ್ಲ ಇಲ್ಲೇ ನೀರಾಗ ಕುಂಡ್ರತೇವಿ. ಸಿಮೆಂಟಿನಾಗ ಮೊದಲ ನಮ್ಮನ್ನ ಹೂಳಲಿ, ಆಮ್ಯಾಲ ಕಲ್ಲ."