ಅಳತೆ ಅಕ್ಕೋರು

ಮೊನ್ನೆ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸು ಆಗಷ್ಟೇ ಹುಟ್ಟಿದ ನನ್ನ ಮೊಮ್ಮಗಳ ಪುಟ್ಟ ಪಾದಕ್ಕೆ ಕಪ್ಪು ಮಸಿ ಹಚ್ಚಿ ಕಾಗದಕ್ಕೆ ಒತ್ತಿದಳು. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತೆಲಿಗಿಯ ನಮ್ಮ ಮನೆಯ ಕಟ್ಟೆ ಮೇಲೆ ಕೂತಿದ್ದ ಅಕ್ಕೋರು ಕಣ್ಣ ಮುಂದೆ ಬಂದರು...

ಎಪ್ಪತ್ತರ ದಶಕದ ಕೊನೆ ಇರಬೇಕು. ಮನುಷ್ಯರ ಮೈಕಟ್ಟು, ವಂಶ ಇವನ್ನೆಲ್ಲ ಓದುವವರು ಅವರು, ಧಾರವಾಡದ ಕಡೆಯಿಂದ ಬಂದಿದ್ದರು. ತಲೆ ಅಳೆಯುವುದು, ಅಂಗೈಗೆ ಮಸಿ ಹಚ್ಚಿ ಅಚ್ಚು ತೆಗೆಯುವುದು ಅವರ ಕೆಲಸ. ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಾಳೆ ಎಂದು ಊರಿನ ಗಂಡಸರು ಮುಷ್ಟಿ ಬಿಗಿದುಕೊಂಡೇ ಓಡಾಡಿದರು! ನಮ್ಮಜ್ಜಿ ಮಾತ್ರ, "ಹೊಲ ಇದ್ರ ತಾನ ಬರಸ್ಕೊಳ್ಳೋದು! ಹಚ್ಚವ್ವ ಮಸಿ," ಎಂದು ಮೊದಲು ಕೈ ಚಾಚಿದಳು.

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಹೀಗಾಯಿತೆಂದು ಅಜ್ಜಿ ದಿನಾ ಚುಚ್ಚುತ್ತಿದ್ದಳು. ಅವ್ವನೂ ಅದನ್ನೇ ನಂಬಿ ಒಳಗೊಳಗೇ ಬೇಯುತ್ತಿದ್ದಳು. ಮನೆಗೆ ಬದನೆಕಾಯಿ ಬರುವುದೇ ನಿಂತಿತ್ತು.

ಅಕ್ಕೋರು ಮನೆಯವರ ಸಂಬಂಧ ಕೇಳಿದರು. ಅಪ್ಪ ಅವ್ವನಿಗೆ ಸೋದರಮಾವ. ಹಾಗಾಗಿ ಅಜ್ಜಿ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಅಜ್ಜಿಯ ತಮ್ಮನೊಬ್ಬನಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದು ಮಾತಿನ ನಡುವೆ ಹೊರಬಿತ್ತು.

"ಗಂಡ ಹೆಂಡ್ತಿ ಇಬ್ರೂ ಒಂದ ಬಳ್ಳಿಯವರು. ಹಿರ್ಯಾರಿಂದ ಬಂದದ್ದು ಎರಡೂ ಕಡಿಂದ ಕೂಡಿದ್ರ ಒಮ್ಮೊಮ್ಮೆ ಹಿಂಗ ಆಗ್ತದ. ಇದರಾಗ ಯಾರ ತಪ್ಪೂ ಇಲ್ರಿ," ಅಂದರು ಅಕ್ಕೋರು.

"ಹಂಗಾರ ಈಕಿ ಗ್ರಹಣದಾಗ ಬದನಿಕಾಯಿ ಹೆಚ್ಚಿದ್ದು?" ಅಜ್ಜಿ ಬಿಡಲಿಲ್ಲ.

"ಪಲ್ಯ ಆಗಿರ್ತದ ಬಿಡ್ರಿ ಅಜ್ಜಿ."

ಅವ್ವ ಕಿಸಕ್ಕನೆ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು... ಅಜ್ಜಿ ಮುಂದಿನ ಹರಪನಹಳ್ಳಿ ಸಂತೆಯಿಂದ ಬದನೆಕಾಯಿ ತಂದು ಅವ್ವನ ಮುಂದೆ ಸುರಿದಳು. "ಎಣ್ಣಿಗಾಯಿ ಮಾಡವ್ವ. ತಿಂದು ಭಾಳ ದಿನಾತು." ತಪ್ಪಾಯಿತು ಎನ್ನುವ ಜಾಯಮಾನ ಅವಳದಲ್ಲ. ಅವ್ವನಿಗೆ ಅಷ್ಟೇ ಸಾಕಾಯಿತು.

ಈಗ ಒಂದು ಹನಿ ಉಗುಳಿನಲ್ಲೇ ವಂಶವನ್ನೆಲ್ಲ ಓದುತ್ತಾರಂತೆ. ಅಕ್ಕೋರು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ... ಅವರು ತೀರಿಕೊಂಡು ವರ್ಷಗಳಾದವು, ಅವ್ವನೂ ಇಲ್ಲ. ನನ್ನವ್ವನಿಗೆ ಅವಳ ಜೀವ ವಾಪಸು ಕೊಟ್ಟವರು ಅವರು. ಒಮ್ಮೆಯಾದರೂ ಎದುರು ನಿಂತು ಕೈಮುಗಿಯಬೇಕಿತ್ತು.

ಮೊಮ್ಮಗಳ ಮೇಲ್ದುಟಿ ಸೀಳಿದೆ. ಹೊಲಿದರೆ ಸರಿಹೋಗುತ್ತದೆ ಎಂದಿದ್ದಾರೆ ಡಾಕ್ಟರು. ನೋಡಲು ಬಂದ ಬೀಗತಿ ಮಂಚದ ಹತ್ತಿರ ಬಾಗಿ ನನ್ನ ಮಗಳನ್ನು ಕೇಳಿದರು: "ಗ್ರಹಣದಾಗ ಏನರ ಹೆಚ್ಚಿದ್ದೇನವ್ವಾ?"

ಮಗಳ ಮುಖ ಕಪ್ಪಿಟ್ಟಿತು. ಥೇಟ್ ಅವ್ವನ ಮುಖ.

"ಹೆಚ್ಚಿದ್ರ ಪಲ್ಯ ಆಗಿರ್ತೈತಿ ಬಿಡ್ರಿ ಅಕ್ಕಾ," ಅಂದೆ ನಾನು.